ಮಹಾವೀರಾಚಾರ್ಯನ ಪಥಿಕರು: ಗಣಿತಸಾರಸಂಗ್ರಹದ ಗತಿಸೂತ್ರಗಳ ಅರ್ಥವಿಚಾರ

ಮಹಾವೀರಾಚಾರ್ಯನ ಗಣಿತಸಾರಸಂಗ್ರಹವು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಎಂದರೆ ಕ್ರಿ.ಶ. 850ರ ಸುಮಾರಿಗೆ ರಚಿತವಾದುದೆಂಬುದು ವಿದ್ವಾಂಸರಿಗೆ ವಿದಿತವೇ ಇದೆ. ಅದು ಅಚ್ಚಿನ ಮುಖ ಕಂಡದ್ದು 1912ರಲ್ಲಿ, ಮದರಾಸಿನಲ್ಲಿ, ಪ್ರೊ. ಎಂ. ರಂಗಾಚಾರ್ಯರ ಸಂಪಾದಕತ್ವದಲ್ಲಿ. ಆ ಆವೃತ್ತಿಗೆ ಆಧಾರವಾದ ಪ್ರತಿಗಳಲ್ಲಿ ಒಂದು, ಕಾರ್ಕಳಕ್ಕೆ ನಾಲ್ಕು ಹರದಾರಿ ದೂರದ ಮೂಡಬಿದಿರೆಯ ಜೈನಮಠದ ಓಲೆಗರಿಯಿಂದ ಇಳಿಸಿಕೊಂಡದ್ದು. ಗ್ರಂಥಭಾಗ ಸಂಸ್ಕೃತ, ಲಿಪಿ ಕನ್ನಡ. ಇದರಲ್ಲಿ ಮತ್ತೊಂದು ವಿಶೇಷವಿದೆ. ಉದಾಹರಣೆಗಳ ಜೊತೆಯಲ್ಲಿ ಲೆಕ್ಕದ ಅಂಕಿಗಳನ್ನೂ ಉತ್ತರವನ್ನೂ ಕನ್ನಡದಲ್ಲಿ ಸಂಕ್ಷೇಪವಾಗಿ ಬರೆದಿಡಲಾಗಿದೆ. ಮದರಾಸಿನ ಪ್ರಾಚ್ಯ ಹಸ್ತಪ್ರತಿ ಭಂಡಾರದ ಒಂದು ಕನ್ನಡಲಿಪಿಯ ಪ್ರತಿಯೂ ಇದೇ ಬಗೆಯದು. ಮೈಸೂರಿನಿಂದ ಬಂದ ಪ್ರತಿಯಲ್ಲಿ ವಲ್ಲಭನೆಂಬವನ ಕನ್ನಡ ಟೀಕೆಯಿದೆ.

ಈ ಕನ್ನಡ ಟಿಪ್ಪಣಿಗಳನ್ನು ಮುದ್ರಿತ ಆವೃತ್ತಿಯು ಗ್ರಂಥದ ಅಂಗವಾಗಿ ಪ್ರಕಟಿಸಲಿಲ್ಲ. ಅದು ಆ ಕಾಲದ ಸಂಪಾದನಕ್ರಮಕ್ಕೆ ಸಹಜವೇ ಆಗಿದ್ದಿತು. ಶ್ಲೋಕಪಾಠವು ಮುಖ್ಯ, ಉತ್ತರವು ಯಾರಾದರೂ ಮಾಡಿ ನೋಡಬಹುದಾದದ್ದು ಎಂಬ ಭಾವನೆ ಅದರ ಹಿಂದೆ ಇದ್ದಂತೆ ತೋರುತ್ತದೆ. ಆದರೆ ಗಣಿತಗ್ರಂಥದಲ್ಲಿ ಉತ್ತರವೂ ಒಂದು ಸಾಕ್ಷಿ. ಸೂತ್ರದ ಪದವು ಎರಡು ಅರ್ಥಗಳಿಗೆ ಎಡೆಗೊಟ್ಟಾಗ ಯಾವ ಅರ್ಥ ಗ್ರಾಹ್ಯವೆಂಬುದನ್ನು ಉತ್ತರವೇ ನಿರ್ಣಯಿಸಬಲ್ಲದು. ಕೆಲವೆಡೆ ಉತ್ತರವೂ ನಿರ್ಣಯಿಸಲಾರದು. ಆಗ ಸೂತ್ರವಿರುವ ಪ್ರಕರಣವನ್ನು ನೋಡಬೇಕಾಗುತ್ತದೆ. ದಾರಿ, ವೇಗ, ಕಾಲ ಈ ಮೂರರ ಸಂಬಂಧವನ್ನು ಹೇಳುವ ಸೂತ್ರಗಳಲ್ಲಿ ಇದು ಎದ್ದು ಕಾಣುತ್ತದೆ.

ಮೊದಲು ಪರಿಭಾಷೆಯ ಮಾತು. ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ಬರುತ್ತದೆಂದು ಇಂದಿನ ಶಾಲೆಯ ಬಾಲಕನಿಗೆ ಕಲಿಸುವಾಗ ಕಾಲವು ಗಡಿಯಾರದಲ್ಲಿ ಬೇರೆಯೇ ಇರುವ ಪದಾರ್ಥವೆಂದು ಇಟ್ಟುಕೊಳ್ಳಲಾಗುತ್ತದೆ. ಸಂಜ್ಞಾಧಿಕಾರದಲ್ಲಿ ಮಹಾವೀರಾಚಾರ್ಯನು ಹೇಳುವ ಕ್ರಮ ಬೇರೆ. ಒಂದು ಅಣುವು ಮತ್ತೊಂದು ಅಣುವನ್ನು ದಾಟುವಷ್ಟು ಕಾಲವೇ ಸಮಯ. ಅಸಂಖ್ಯಾತ ಸಮಯಗಳು ಸೇರಿ ಒಂದು ಆವಲಿ. ಆಗಮೋಕ್ತವಾದ ಈ ಲಕ್ಷಣದಲ್ಲಿ ಕಾಲವನ್ನು ಗತಿಯಿಂದಲೇ ಅಳೆಯಲಾಗಿದೆ. ಅಲ್ಲಿಂದ ಉಚ್ಛ್ವಾಸ, 7 ಉಚ್ಛ್ವಾಸಕ್ಕೆ ಒಂದು ಸ್ತೋಕ, 7 ಸ್ತೋಕಕ್ಕೆ ಒಂದು ಲವ, 38 1/2 ಲವಕ್ಕೆ ಒಂದು ಘಟಿ, 2 ಘಟಿಗೆ ಮುಹೂರ್ತ, 30 ಮುಹೂರ್ತಕ್ಕೆ ದಿನ. ಕ್ಷೇತ್ರಮಾನದಲ್ಲಿ 24 ಅಂಗುಲಕ್ಕೆ ಒಂದು ಹಸ್ತ, 4 ಹಸ್ತಕ್ಕೆ ದಂಡ, 2000 ದಂಡಕ್ಕೆ ಕ್ರೋಶ, 4 ಕ್ರೋಶಕ್ಕೆ ಯೋಜನ. ಲೆಕ್ಕಗಳಲ್ಲಿ ದಿನದ ಭಿನ್ನಗಳು ಧಾರಾಳವಾಗಿ ಬರುತ್ತವೆ. ಆದುದರಿಂದ ದಿನವನ್ನು ಒಡೆಯಲಾಗದ ಘಟಕವೆಂದು ಈ ಆಚಾರ್ಯನು ಎಣಿಸಿದ್ದನೆನ್ನಲು ಆಧಾರವಿಲ್ಲ. ಈ ಮಾತು ಮುಂದೆ ಉಪಯೋಗಕ್ಕೆ ಬರುತ್ತದೆ.

ತ್ರೈರಾಶಿಕ ವ್ಯವಹಾರದಲ್ಲಿ ಗತಿನಿವೃತ್ತಿಯ ಸೂತ್ರವಿದೆ. ಮುಂದೆ ಹೋಗುವ ಗತಿಯಿಂದ ಹಿಂದೆ ಸರಿಯುವ ಗತಿಯನ್ನು ಕಳೆದು, ಉಳಿದುದರಿಂದ ತ್ರೈರಾಶಿಕ ಮಾಡಬೇಕೆಂಬುದು ಅದರ ತಾತ್ಪರ್ಯ. ಅದರ ಉದಾಹರಣೆಗಳಲ್ಲಿ ಒಂದು ಹಡಗಿನದು. ಸಮುದ್ರದಲ್ಲಿ ಹಡಗು 3/7 ದಿನದಲ್ಲಿ 1/5 ಕ್ರೋಶ ಸಾಗುತ್ತದೆ. ಎದುರು ಗಾಳಿಗೆ ಸಿಕ್ಕಿ 1/9 ಕ್ರೋಶ ಹಿಂದೆ ಸರಿಯುತ್ತದೆ. ಹೀಗಿರಲು 99 2/5 ಯೋಜನ ಕ್ರಮಿಸಲು ಎಷ್ಟು ಕಾಲ ಬೇಕು? ಕಾಪುವಿನ ಕಡಲಂಚಿನಲ್ಲಿ ನಿಂತು ಮಳೆಗಾಲದ ಮೊದಲ ಗಾಳಿಗೆ ದೋಣಿ ತೊನೆಯುವುದನ್ನು ಕಂಡವರಿಗೆ ಈ ಚಿತ್ರ ಅಪರಿಚಿತವಲ್ಲ. ಪ್ರಶ್ನೆಯಿರುವುದು ಚಿತ್ರದಲ್ಲಲ್ಲ. ಹಿಂದೆ ಸರಿದ 1/9 ಕ್ರೋಶವು ಎಷ್ಟು ಕಾಲದಲ್ಲಿ? ‘ಅಷ್ಟೇ ಕಾಲದಲ್ಲಿ’ ಎಂಬ ಅಧ್ಯಾಹಾರವನ್ನು ಇಂಗ್ಲಿಷ್ ಅನುವಾದವು ಸೇರಿಸಿಕೊಂಡು ಮುಂದೆ ಸಾಗಿದೆ. ಇದು ಸರಿಯೇ?

ಸರಿಯೆಂದು ತೋರಿಸಲು ಎರಡು ಹೇತುಗಳಿವೆ. ಮೊದಲನೆಯದು ಉತ್ತರ. 1/5ರಿಂದ 1/9 ಕಳೆದರೆ 4/45 ಕ್ರೋಶ. ಇದು 3/7 ದಿನದ ನಿಜವಾದ ಗತಿ. 99 2/5 ಯೋಜನವೆಂದರೆ 1988/5 ಕ್ರೋಶ. ತ್ರೈರಾಶಿಕ ಮಾಡಿದರೆ 1917 ದಿನಗಳು, ಎಂದರೆ 360 ದಿನದ ವರ್ಷದಂತೆ 5 ವರ್ಷ 117 ದಿನ, ಶೇಷವಿಲ್ಲದೆ ಬರುತ್ತದೆ. ಹಿಂದೆ ಸರಿಯುವುದು ದಿನವೊಂದಕ್ಕೆ 1/9 ಕ್ರೋಶ ಎಂದು ಹಿಡಿದರೆ 1118 1/4 ದಿನ ಬರುತ್ತದೆ. 99 2/5 ಎಂಬ ವಿಚಿತ್ರ ಸಂಖ್ಯೆಯನ್ನು ಆಚಾರ್ಯನು ಆರಿಸಿಕೊಂಡದ್ದೇ ಮೊದಲ ಅರ್ಥದಲ್ಲಿ ಲೆಕ್ಕವು ಪೂರ್ಣಾಂಕವಾಗಲೆಂದು ಎಂಬುದರಲ್ಲಿ ಸಂಶಯಕ್ಕೆಡೆಯಿಲ್ಲ. ಎರಡನೆಯ ಹೇತು ಅದೇ ಪ್ರಕರಣದ ಕೃಷ್ಣಸರ್ಪದ ಲೆಕ್ಕದಲ್ಲಿದೆ. ಹಾವು 5/14 ದಿನದಲ್ಲಿ 7 1/2 ಅಂಗುಲದಷ್ಟು ಬಿಲವನ್ನು ಹೊಗುತ್ತದೆ. 1/4 ದಿನದಲ್ಲಿ ಅದರ ಬಾಲವು 2 3/4 ಅಂಗುಲ ಬೆಳೆಯುತ್ತದೆ. ಇಲ್ಲಿ ಎರಡು ಕಾಲಗಳೂ ಬೇರೆ, ಎರಡನ್ನೂ ಹೇಳಿದೆ. ದಿನಕ್ಕೆ 21 ಅಂಗುಲ ಒಳಕ್ಕೆ, 11 ಅಂಗುಲ ಬೆಳವಣಿಗೆ, ಉಳಿದದ್ದು 10. ಕಾಲಗಳು ಬೇರೆಯಾದಾಗ ಎರಡನ್ನೂ ಹೇಳುವ ಗ್ರಂಥಕಾರನು ಹಡಗಿನಲ್ಲಿ ಒಂದನ್ನೇ ಹೇಳಿದ್ದರೆ, ಎರಡಕ್ಕೂ ಕಾಲವೊಂದೇ ಎಂದರ್ಥ. ಅನುವಾದಕರ ಊಹೆ ಗಟ್ಟಿಯಾದುದು. ಆದರೆ ಅದು ಊಹೆಯೆಂಬುದನ್ನೂ, ಅದಕ್ಕೆ ಆಧಾರವೇನೆಂಬುದನ್ನೂ ಓದುಗನಿಗೆ ತಿಳಿಸುವುದು ಸಂಪಾದಕನ ಕರ್ತವ್ಯ. (ಹೊಗುತ್ತಲೇ ಬೆಳೆಯುವ ಹಾವನ್ನು ಕಂಡವರಾರು ಎಂದು ಕೇಳುವುದು ಗಣಿತಜ್ಞನ ಕೆಲಸವಲ್ಲ. ಎರಡು ವಿರುದ್ಧ ಗತಿಗಳನ್ನು ಒಂದೇ ದೇಹದಲ್ಲಿ ಕೂಡಿಸಲು ಇದಕ್ಕಿಂತ ಉಚಿತವಾದ ಪ್ರಾಣಿಯೂ ಇಲ್ಲ.)

ಇನ್ನು ಮಿಶ್ರಕ ವ್ಯವಹಾರದ ಪಥಿಕರು. ಇಬ್ಬರ ಸಮಾಗಮಕಾಲವನ್ನು ಹೇಳುವ ಸೂತ್ರದ ಉತ್ತರಾರ್ಧದ ಅರ್ಥವಿಷ್ಟು: ದ್ವಿಗುಣವಾದ ಮಾರ್ಗವನ್ನು ಇಬ್ಬರ ಗತಿಗಳ ಮೊತ್ತದಿಂದ ಭಾಗಿಸಿದರೆ ಕೂಡುವ ಕಾಲ. ಉದಾಹರಣೆಯಲ್ಲಿ ಒಬ್ಬನ ಗತಿ 6 ಯೋಜನ, ಮತ್ತೊಬ್ಬನದು 3 ಯೋಜನ, ಮಾರ್ಗ 108 ಯೋಜನ. 216ನ್ನು 9ರಿಂದ ಭಾಗಿಸಿದರೆ 24. ಉತ್ತರದಲ್ಲಿ ವಿವಾದವಿಲ್ಲ. ಆದರೆ ಈ ಇಬ್ಬರು ಎಲ್ಲಿಂದ ಹೊರಟರು, ಎಲ್ಲಿ ಕೂಡಿದರು?

1912ರ ಅನುವಾದವು ಇವರನ್ನು ಪರಸ್ಪರ ವಿರುದ್ಧ ದಿಕ್ಕುಗಳಲ್ಲಿ ನಡೆಯಿಸುತ್ತದೆ. ಹಾಗೆ ಹಿಡಿದರೆ ದಾರಿಯನ್ನು ಇಮ್ಮಡಿಸುವುದೇಕೆಂಬ ಪ್ರಶ್ನೆ ಏಳುತ್ತದೆ. ಎದುರುಬದುರಾಗಿ ಬರುವವರು 108 ಯೋಜನವನ್ನು 12 ದಿನದಲ್ಲಿಯೇ ಮುಗಿಸುತ್ತಾರೆ. ಈ ತೊಡಕನ್ನು ಬಿಡಿಸಲು ಅನುವಾದಕರು 108 ಎಂಬುದನ್ನು ಒಬ್ಬೊಬ್ಬನು ನಡೆಯುವ ದಾರಿಯ ಸರಾಸರಿ ಎಂದು ಅರ್ಥೈಸಿದ್ದಾರೆ. 24 ದಿನದಲ್ಲಿ ಮೊದಲಿನವನು 144, ಎರಡನೆಯವನು 72, ಸರಾಸರಿ 108. ಲೆಕ್ಕ ತಾಳೆಯಾಗುತ್ತದೆ. ಆದರೆ ನಡೆದು ಮುಗಿಸಿದ ಮೇಲೆ ತಿಳಿಯಬೇಕಾದ ಸರಾಸರಿಯನ್ನು ಹೊರಡುವ ಮೊದಲೇ ದತ್ತವಾಗಿ ಕೊಡುವ ಪಥಿಕನು ಲೋಕದಲ್ಲಿಲ್ಲ.

ಇದಕ್ಕಿಂತ ಸರಳವಾದ ಅರ್ಥವೊಂದಿದೆ. ಇಬ್ಬರೂ ಒಂದೆಡೆಯಿಂದ ಒಂದೇ ದಿಕ್ಕಿಗೆ ಹೊರಡುತ್ತಾರೆ. ಶೀಘ್ರಗತಿಯವನು ದಾರಿಯ ಕೊನೆ ಮುಟ್ಟಿ ಹಿಂದಿರುಗುತ್ತಾನೆ. ಬರುವಾಗ ಮಂದಗತಿಯವನು ಎದುರಾಗುತ್ತಾನೆ. ಆ ಹೊತ್ತಿಗೆ ಇಬ್ಬರೂ ಸೇರಿ ನಡೆದದ್ದು ಸರಿಯಾಗಿ ದಾರಿಯ ಇಮ್ಮಡಿ. ಈ ನಾಡಿನ ದಾರಿಯನ್ನೇ ತೆಗೆದುಕೊಳ್ಳಬಹುದು. ಉಡುಪಿಯಿಂದ ಮಣಿಪಾಲ, ಪರ್ಕಳ, ಹಿರಿಯಡ್ಕ, ಬೈಲೂರುಗಳ ಮೇಲೆ ಕಾರ್ಕಳಕ್ಕೆ ಲೆಕ್ಕದ ಸೌಕರ್ಯಕ್ಕಾಗಿ 36 ಕಿಲೋಮೀಟರ್ ಎಂದಿಟ್ಟುಕೊಂಡರೆ, ಗಂಟೆಗೆ 6ರಂತೆ ನಡೆಯುವ ಯಾತ್ರಿಕನೊಬ್ಬನು ಕಾರ್ಕಳಕ್ಕೆ ಹೋಗಿ, 1432ರಲ್ಲಿ ವೀರಪಾಂಡ್ಯ ಭೈರರಸನು ನಿಲ್ಲಿಸಿದ ಗೊಮ್ಮಟಮೂರ್ತಿಗೆ ಬೆಟ್ಟದ ಬುಡದಿಂದಲೇ ಕೈಮುಗಿದು ಒಡನೆ ಮರಳುತ್ತಾನೆ. ಗಂಟೆಗೆ 3ರಂತೆ ನಡೆಯುವ ಮುದುಕನು ಅವನೊಡನೆಯೇ ಉಡುಪಿಯಿಂದ ಹೊರಟಿದ್ದಾನೆ. 72ನ್ನು 9ರಿಂದ ಭಾಗಿಸಿದರೆ 8 ಗಂಟೆ. ಆಗ ಮುದುಕನು 24 ಕಿಲೋಮೀಟರ್ ನಡೆದಿರುತ್ತಾನೆ, ಯಾತ್ರಿಕನು 48. ಕಾರ್ಕಳಕ್ಕೆ 12 ಕಿಲೋಮೀಟರ್ ಇರುವಲ್ಲಿ ಇಬ್ಬರ ಸಮಾಗಮ. ಇಲ್ಲಿ ಸರಾಸರಿಯ ಮಾತೇ ಇಲ್ಲ. ಮಾರ್ಗವೆಂದರೆ ಮಾರ್ಗವೇ. ಶ್ರೀಧರನ ಪಾಟೀಗಣಿತದ ಪಥಿಕರೂ ಈ ಹೋಗಿಬರುವ ಬಗೆಯವರೇ ಆಗಿರುವುದು ಇದಕ್ಕೆ ಪೋಷಕ.

ಎರಡು ಅರ್ಥಗಳಲ್ಲಿಯೂ ಉತ್ತರ 24ಯೇ ಆದುದರಿಂದ, ಈ ಒಂದೆಡೆಯಲ್ಲಿ ಉತ್ತರವು ಸಾಕ್ಷಿಯಾಗಲಾರದು. ಇಲ್ಲಿ ಟಿಪ್ಪಣಿಕಾರನ ಮಾತು ಬೇಕು. ಕನ್ನಡ ಟಿಪ್ಪಣಿಯಲ್ಲಿ ‘ಹೋಗಿ ಮರಳುವಲ್ಲಿ’ ಎಂಬಂಥ ಒಂದೇ ಪದವಿದ್ದರೂ ವಿವಾದ ಮುಗಿಯುತ್ತದೆ. ಮೂಡಬಿದಿರೆಯ ಓಲೆಯನ್ನೂ ವಲ್ಲಭನ ಟೀಕೆಯನ್ನೂ ಅಂಕಿಗಳಿಗಾಗಿ ಮಾತ್ರ ನೋಡಿ ಬದಿಗಿಟ್ಟರೆ ಸಾಲದೆನ್ನುವುದು ಇದಕ್ಕಾಗಿಯೇ.

ಅದೇ ಸೂತ್ರದ ಪೂರ್ವಾರ್ಧವು ಇನ್ನೂ ಗಹನವಾದುದು. ಒಬ್ಬನದು ಧ್ರುವಗತಿ, ದಿನದಿನಕ್ಕೂ ಒಂದೇ. ಮತ್ತೊಬ್ಬನದು ಚಯಗತಿ: ಮೊದಲ ದಿನ ಇಷ್ಟು, ಆಮೇಲೆ ದಿನಕ್ಕೆ ಇಷ್ಟಿಷ್ಟು ಹೆಚ್ಚು. ಧ್ರುವಗತಿಯಿಂದ ಆದಿಯನ್ನು ಕಳೆದು, ಚಯದ ಅರ್ಧದಿಂದ ಭಾಗಿಸಿ, ಒಂದನ್ನು ಕೂಡಿಸಿದರೆ ಇಬ್ಬರೂ ಕೂಡುವ ಕಾಲ. ಉದಾಹರಣೆಯಲ್ಲಿ ಆದಿ 3, ಚಯ 8, ಧ್ರುವಗತಿ 21. ಕಳೆದರೆ 18, 4ರಿಂದ ಭಾಗಿಸಿದರೆ 4 1/2, ಒಂದು ಕೂಡಿಸಿದರೆ 5 1/2.

ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುವ ತರುಣನಿಗೆ ಇದನ್ನು ಕೊಟ್ಟರೆ ಬೀಜಗಣಿತದಿಂದ ಮೂರು ಸಾಲಿನಲ್ಲಿ ಮುಗಿಸುತ್ತಾನೆ. ಕಾಲವನ್ನು ‘ಯಾ’ ಎಂದಿಟ್ಟರೆ ಒಬ್ಬನ ದೂರ 21 ಯಾ. ಸಂಕಲಿತದ ಕ್ರಮದಿಂದ ಮತ್ತೊಬ್ಬನದು 4 ಯಾ-ವರ್ಗದಲ್ಲಿ ಒಂದು ಯಾ ಕಡಿಮೆ. ಎರಡನ್ನೂ ಸಮಮಾಡಿ ಯಾ-ದಿಂದ ಭಾಗಿಸಿದರೆ 4 ಯಾ ಎಂಬುದು 22ಕ್ಕೆ ಸಮ, ಯಾ 5 1/2. ಹೀಗೆ ಭಾಗಿಸುವಾಗ ಸೊನ್ನೆಯ ಕಾಲದ ಸಮಾಗಮ, ಎಂದರೆ ಇಬ್ಬರೂ ಒಟ್ಟಿಗೆ ಹೊರಟ ಕ್ಷಣ, ಬಿಟ್ಟುಹೋಗುತ್ತದೆ. ಆಚಾರ್ಯನ ಸೂತ್ರವೂ ಅದನ್ನು ಬಿಟ್ಟಿದೆ, ಬಿಡುವುದು ಯುಕ್ತವೂ ಹೌದು. ಸೂತ್ರಗಳನ್ನು ಬೀಜಾಕ್ಷರಗಳಲ್ಲಿ ಬರೆದು ತೋರಿಸುವುದು 1912ರ ಆವೃತ್ತಿಯ ಅಡಿಟಿಪ್ಪಣಿಗಳ ಪದ್ಧತಿಯೂ ಆಗಿದೆ. ಸೂತ್ರವು ‘ಸರಿ’ ಎಂಬುದಕ್ಕೆ ಅಷ್ಟೇ ಸಾಕೆಂದು ಓದುಗರು ತಿಳಿಯುತ್ತಾರೆ.

ಸಾಲದು. ದಿನಗಳನ್ನು ಒಂದೊಂದಾಗಿ ಎಣಿಸಿ ನೋಡಬೇಕು. ಚಯಗತಿಯವನು ಕ್ರಮವಾಗಿ 3, 11, 19, 27, 35 ನಡೆದು 5 ದಿನದಲ್ಲಿ 95 ಮುಟ್ಟುತ್ತಾನೆ; ಧ್ರುವಗತಿಯವನು 105. ಅಂತರ 10. ಆರನೆಯ ದಿನ ಮೊದಲಿನವನ ಗತಿ 43, ಎರಡನೆಯವನದು 21. ದಿನಕ್ಕೆ 22ರಂತೆ ಅಂತರ ಕರಗುತ್ತದೆ. ಆದುದರಿಂದ ಸಮಾಗಮವು 5 10/22, ಎಂದರೆ 5 5/11 ದಿನದಲ್ಲಿ ಆಗಬೇಕು. ಸೂತ್ರವು ಹೇಳುವ 5 1/2 ದಿನಕ್ಕೆ ಚಯಗತಿಯವನು 116 1/2ರಲ್ಲಿಯೂ ಧ್ರುವಗತಿಯವನು 115 1/2ರಲ್ಲಿಯೂ ಇರುತ್ತಾರೆ. ಒಬ್ಬನು ಮತ್ತೊಬ್ಬನನ್ನು ಆಗಲೇ ದಾಟಿ ಒಂದು ಯೋಜನ ಮುಂದಿದ್ದಾನೆ. ವ್ಯತ್ಯಾಸವು ದಿನದ 1/22 ಭಾಗ, ಎರಡೂಮುಕ್ಕಾಲು ಘಟಿಗೆ ತುಸು ಕಡಿಮೆ. ಸಾಮಾಯಿಕವನ್ನು ಮುಹೂರ್ತಮಾನದಿಂದ ಆಚರಿಸುವ ಶ್ರಾವಕರಿಗೆ ಒಂದು ಮುಹೂರ್ತಕ್ಕಿಂತ ಹೆಚ್ಚಿನ ಈ ಕಾಲ ಅಲ್ಪವೆನಿಸದು.

ಹಾಗಾದರೆ ಆಚಾರ್ಯನು ತಪ್ಪಿದನೇ? ಹೀಗೆಂದು ತೀರ್ಪು ಕೊಡಲು ಆತುರಪಡುವುದು ಸಲ್ಲದು. ಧ್ರುವಗತಿ 19 ಎಂದಿದ್ದರೆ ಸೂತ್ರದಿಂದ ಸರಿಯಾಗಿ 5 ದಿನ ಬರುತ್ತದೆ, 95ಕ್ಕೆ 95. ಫಲವು ಪೂರ್ಣಾಂಕವಾದೆಡೆಯಲ್ಲೆಲ್ಲ ಸೂತ್ರವು ನಿರ್ದುಷ್ಟ. ಭಿನ್ನ ಬಂದಾಗ ಮಾತ್ರ ಆರನೆಯ ದಿನದ ಒಳಗೆ ಗತಿ ಹೇಗೆ ನಡೆಯುತ್ತದೆಂಬ ಪ್ರಶ್ನೆ ಏಳುತ್ತದೆ. ದಿನವಿಡೀ ಒಂದೇ ಗತಿಯೆಂದು ಹಿಡಿದದ್ದು ಎಣಿಸುವವನ ಕಲ್ಪನೆ. ಸೂತ್ರವು ಹಾಗೆ ಹೇಳಿಲ್ಲ. ಇದೇ ಗ್ರಂಥದ ಕಲಾಸವರ್ಣ ವ್ಯವಹಾರದಲ್ಲಿ ಆದಿ, ಚಯ ಮಾತ್ರವಲ್ಲದೆ ಗಚ್ಛವೂ ಭಿನ್ನವಾಗಿರುವ ಸಂಕಲಿತಗಳು ಬರುತ್ತವೆ. ಮುಕ್ಕಾಲು ಪದದ ಶ್ರೇಢಿ ಎಂದರೆ ಇಂದಿನವರಿಗೆ ನಗೆ ಬರಬಹುದು. ಅಲ್ಲಿ ಅದು ನಿಯತವಾದ ವ್ಯವಹಾರ. ಪಥಿಕರ ಸೂತ್ರವೂ ಮಿಶ್ರಕದ ಶ್ರೇಢೀಬದ್ಧ ಸಂಕಲಿತದ ಪ್ರಕರಣದಲ್ಲಿಯೇ ನಿಂತಿದೆಯಲ್ಲದೆ ತ್ರೈರಾಶಿಕದ ಗತಿನಿವೃತ್ತಿಯ ಪಕ್ಕದಲ್ಲಿಲ್ಲ. ಗ್ರಂಥಕಾರನ ದೃಷ್ಟಿಯಲ್ಲಿ ಇದು ಮೊದಲು ಶ್ರೇಢಿ, ಆಮೇಲೆ ದಾರಿ.

ಇದರ ಚಿತ್ರವನ್ನು ಬಿಡಿಸಿ ತೋರಿಸಿದವನು ಶ್ರೀಧರ. 1959ರಲ್ಲಿ ಲಖನೌದಿಂದ ಕೆ. ಎಸ್. ಶುಕ್ಲರು ಪ್ರಕಟಿಸಿದ ಪಾಟೀಗಣಿತದಲ್ಲಿ ಶ್ರೇಢೀಕ್ಷೇತ್ರದ ವಿಚಾರವಿದೆ. ಶ್ರೇಢಿಯನ್ನು ಒಂದು ಚತುರ್ಭುಜವಾಗಿ ಬರೆಯಬೇಕು. ಗಚ್ಛವೇ ಅದರ ಲಂಬ, ಆದಿಯಿಂದ ಚಯದ ಅರ್ಧವನ್ನು ಕಳೆದರೆ ಮುಖ, ಮುಖಕ್ಕೆ ಗಚ್ಛ ಮತ್ತು ಚಯಗಳ ಗುಣಲಬ್ಧವನ್ನು ಕೂಡಿಸಿದರೆ ಭೂಮಿ, ಕ್ಷೇತ್ರಫಲವೇ ಸಂಕಲಿತಧನ. ಪಥಿಕನ ಲೆಕ್ಕಕ್ಕೆ ಇದನ್ನು ಹೊಂದಿಸಿದರೆ ಲಂಬವು ಕಾಲ, ಅಗಲವು ಗತಿ, ಕ್ಷೇತ್ರಫಲವು ನಡೆದ ದೂರ. ಮುಖವು 3ರಿಂದ 4 ಕಳೆದು ಋಣ 1. 5 1/2 ದಿನಕ್ಕೆ ಭೂಮಿ 43. ಇವೆರಡರ ಅರ್ಧಯೋಗ 21. ಅದೇ ಧ್ರುವಗತಿ! ಒಬ್ಬನ ಮಧ್ಯಗತಿಯು ಮತ್ತೊಬ್ಬನ ಧ್ರುವಗತಿಗೆ ಸಮನಾದ ಗಳಿಗೆಯಲ್ಲಿ ಇಬ್ಬರೂ ಕೂಡುತ್ತಾರೆಂಬುದೇ ಮಹಾವೀರಾಚಾರ್ಯನ ಸೂತ್ರದ ಹೃದಯ. ಗತಿಯು ದಿನದಿನಕ್ಕೆ ಮೆಟ್ಟಿಲಿನಂತೆ ಹಾರದೆ, ಇಳಿಜಾರಿನಂತೆ ಎಡೆಬಿಡದೆ ಏರುತ್ತದೆಂದು ಹಿಡಿದರೆ 5 1/2 ಎಂಬ ಉತ್ತರ ಕೂದಲೆಳೆಯಷ್ಟೂ ತಪ್ಪದು.

ಆದರೆ ಈ ಸಮಾಧಾನಕ್ಕೂ ಬೆಲೆ ತೆರಬೇಕಾಗಿದೆ. ಮುಖವು ಋಣವಾದುದರಿಂದ ಕ್ಷೇತ್ರವು ತುದಿಗೆ ತುದಿ ತಾಗಿದ ಎರಡು ತ್ರಿಕೋಣಗಳಾಗುತ್ತದೆ. ಸಣ್ಣದನ್ನು ದೊಡ್ಡದರಿಂದ ಕಳೆಯಬೇಕು. ಇದನ್ನೂ ಶ್ರೀಧರನು ಕಂಡಿದ್ದಾನೆ. ಪಥಿಕನಿಗೆ ಇದರ ಅರ್ಥವೇನೆಂದರೆ, ಹೊರಟ ದಿನದ ಮೊದಲ 1/8 ಭಾಗ, ಏಳೂವರೆ ಘಟಿಗಳ ಕಾಲ, ಅವನು ಹಿಮ್ಮುಖವಾಗಿ ನಡೆಯಬೇಕು. ದಿನದ ಕಾಲುಭಾಗ ಕಳೆದಾಗ ಹೊರಟ ಸ್ಥಳಕ್ಕೇ ಮತ್ತೆ ಬಂದಿರಬೇಕು. ಅಲ್ಲಿಂದ ಮುಂದೆ ನಡೆದು ಸಂಜೆಗೆ 3 ಯೋಜನ ಮುಗಿಸಬೇಕು. ಮನೆಯಲ್ಲಿ ಕೊಡೆ ಮರೆತು ಬಂದವನ ಹೊರತು ಯಾರೂ ಹೀಗೆ ನಡೆಯುವುದಿಲ್ಲ. ಗಣಿತದ ದೃಷ್ಟಿಯಿಂದ ಇದು ದೋಷವಲ್ಲ, ಲೋಕವ್ಯವಹಾರದ ದೃಷ್ಟಿಯಿಂದ ಕ್ಲಿಷ್ಟ. ಎರಡೂ ಮಾತನ್ನು ಒಟ್ಟಿಗೆ ಹೇಳಿದಾಗಲೇ ಸೂತ್ರಕ್ಕೆ ನ್ಯಾಯ ದೊರೆಯುತ್ತದೆ. ಬೀಜಾಕ್ಷರಗಳ ಸಮೀಕರಣವು ಎರಡನ್ನೂ ಮುಚ್ಚಿಬಿಡುತ್ತದೆ. 5 1/2 ಎಂಬ ಉತ್ತರ ಕೈಗೆ ಬಂದೊಡನೆ ಆರನೆಯ ದಿನವನ್ನು ತಿರುಗಿ ನೋಡುವವರಿಲ್ಲ.

ಈಚಿನ ಆವೃತ್ತಿಗಳ ವಿಚಾರ ಸಂಕ್ಷೇಪವಾಗಿ ಹೇಳಬಹುದು. 1963ರಲ್ಲಿ ಸೋಲಾಪುರದಿಂದ ಎಲ್. ಸಿ. ಜೈನ್ ಅವರ ಹಿಂದೀ ಅನುವಾದ ಬಂದಿತು. 2000ದಲ್ಲಿ ಹೊಂಬುಜದಿಂದ ಡಾ. ಪದ್ಮಾವತಮ್ಮನವರ ಕನ್ನಡ ಅನುವಾದಸಹಿತವಾದ ಆವೃತ್ತಿ ಬಂದಿತು. ನೃಪತುಂಗನ ಕಾಲದ ಈ ಗ್ರಂಥವು ಪೂರ್ಣವಾಗಿ ಕನ್ನಡದಲ್ಲಿ ಅಚ್ಚಾಗಲು ಹನ್ನೊಂದು ಶತಮಾನ ಹಿಡಿಯಿತೆಂಬುದನ್ನು ನೆನೆದರೆ ಕೊನೆಯದರ ಉಪಕಾರ ದೊಡ್ಡದು. 12ನೆಯ ಶತಮಾನದ ಜೈನಕವಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ರಚಿಸಿದ್ದ ನಾಡು ಇದು. ಓಲೆಗಳ ಅಂಚಿನಲ್ಲಿ ಉತ್ತರ ಬರೆದಿಟ್ಟವರು ಆ ಪರಂಪರೆಯ ಹೆಸರಿಲ್ಲದ ಉಪಾಧ್ಯಾಯರು. ಅವರನ್ನು ಲಿಪಿಕಾರರೆಂದು ಮಾತ್ರ ಎಣಿಸುವುದು ಸರಿಯಲ್ಲ.

ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದ ಮೂಲಕ ಪ್ರಕಟಿಸಿದ ತಾಡಪತ್ರೀಯ ಗ್ರಂಥಸೂಚಿಯು ಮೂಡಬಿದಿರೆ, ಕಾರ್ಕಳ, ಅಳಿಯೂರುಗಳ ಭಂಡಾರಗಳಿಗೆ ದಾರಿ ತೋರಿಸಿದೆ. ಗರಿ ಬಿಚ್ಚಿ ಟಿಪ್ಪಣಿಯನ್ನು ಓದಿಸುವುದು ಸೂಚಿಯ ಕೆಲಸವಲ್ಲ, ಸಂಪಾದಕನದು. ಗಣಿತಸಾರಸಂಗ್ರಹದ ಮುಂದಿನ ಆವೃತ್ತಿಯಲ್ಲಿ ಪಥಿಕರ ಸೂತ್ರಕ್ಕೆ ಒಂದು ಪುಟವನ್ನಾದರೂ ಮೀಸಲಿಡಬೇಕು. ಮೂಲಪಾಠ, ಕನ್ನಡ ಪ್ರತಿಗಳ ಟಿಪ್ಪಣಿ ಇದ್ದಂತೆಯೇ, ವಲ್ಲಭನ ಟೀಕೆಯ ವಾಕ್ಯ, ಕೆಳಗೆ ಶ್ರೇಢೀಕ್ಷೇತ್ರದ ಎರಡು ತ್ರಿಕೋಣಗಳ ಆಕೃತಿ, ಅದರ ಬದಿಯಲ್ಲಿ 5 1/2 ಮತ್ತು 5 5/11 ಎಂಬ ಎರಡು ಸಂಖ್ಯೆಗಳು, ಯಾವುದು ಯಾವ ಕಲ್ಪನೆಗೆ ಸಲ್ಲುತ್ತದೆಂಬ ಒಂದು ಸಾಲಿನೊಡನೆ.